ಕಣ್ಣಿನ ಗೂಟ

ಮೂಳೆ ಮುಟ್ಟಿದ ಮೇಲೆ ನಾವೆಲ್ಲ ಕೈ ತೊಳೆಯುತ್ತಿದ್ದೆವು. ಮೇಡಂ ಮುಟ್ಟುವ ಮೊದಲು ತೊಳೆಯುತ್ತಿದ್ದರು. ಅಂಗರಚನಾಶಾಸ್ತ್ರ ವಿಭಾಗದ ಮೂಲೆಯಲ್ಲಿದ್ದ ಸಿಂಕಿನ ಮುಂದೆ ನಿಂತು, ಬಳೆಗಳನ್ನು ಮೊಣಕೈಯತ್ತ ಸರಿಸಿ, ಸೋಪು ಹಚ್ಚಿ ತೊಳೆದು, ಕೈಯನ್ನು ಗಾಳಿಗೆ ಹಿಡಿದು ಒಣಗಿಸಿಕೊಂಡು ಬಂದು, ತಲೆಬುರುಡೆಯನ್ನು ಎರಡೂ ಕೈಯಲ್ಲಿ ಎತ್ತಿಕೊಳ್ಳುತ್ತಿದ್ದರು. ವೈದ್ಯಕೀಯ ಓದಲು ಆಗ ತಾನೇ ಸೇರಿದ್ದ ನಮಗೆ ಅದು ನಗುವ ವಿಷಯ. ಹಿಂದಿನ ಬೆಂಚಿನ ಒಬ್ಬ ಧೈರ್ಯ ಮಾಡಿ, "ಮೇಡಂ, ಅದಕ್ಕೇನು ಇನ್‌ಫೆಕ್ಷನ್ ಆಗುತ್ತಾ?" ಎಂದು ಕೇಳಿಯೇಬಿಟ್ಟ. ಅವರು ಬೈಯಲಿಲ್ಲ.

"ಈಗ ತಾನೇ ರೊಟ್ಟಿ ತಿಂದು ಬಂದಿದೀನಿ. ಬೆರಳಲ್ಲಿ ಎಣ್ಣೆ ಇದ್ರೆ ಮೂಳೆ ಗೊತ್ತಾಗಲ್ಲ" ಎಂದರು.

ಸತ್ತವರಿಗೆ ಗೌರವ ಅಂತಲೋ ಇನ್ನೇನೋ ದೊಡ್ಡ ಮಾತು ಬರುತ್ತದೆ ಎಂದು ಕಾದಿದ್ದ ನಾವು ಪೆಚ್ಚಾದೆವು. ಅವರ ಉತ್ತರಗಳೆಲ್ಲ ಹಾಗೇ ಇರುತ್ತಿದ್ದವು. ಕೇಳಿದ ಗಳಿಗೆಯಲ್ಲಿ ಸಪ್ಪೆ. ಮನೆಗೆ ಹೋಗಿ ಮಲಗಿದಾಗ ಅದರಲ್ಲಿ ಬೇರೇನೋ ಇದೆಯಲ್ಲ ಅನ್ನಿಸುತ್ತಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವರಿಗದು ಇಷ್ಟವಾಗುತ್ತಿರಲಿಲ್ಲ. ನಮಗೆ ಅವರು ಮೇಡಂ. ಕಾಲೇಜಿನಲ್ಲಿ ಬೇರೆ ಮೇಡಂಗಳೂ ಇದ್ದರು, ಆದರೆ ಬರೀ ಮೇಡಂ ಎಂದರೆ ಅವರೇ. ಅವರಿಗೂ ನಮ್ಮ ಹೆಸರುಗಳು ನೆನಪಿರುತ್ತಿರಲಿಲ್ಲ. ಊರು ಮಾತ್ರ ಒಂದು ಸಲ ಕೇಳಿದರೆ ಮರೆಯುತ್ತಿರಲಿಲ್ಲ. ಹಾಗಾಗಿ ನಾನು ಪಾಳ್ಯ. ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಹೊಸಕೋಟೆ. ಬೆಂಗಳೂರಿನಿಂದ ಬಂದವರು ಬಹಳ ಜನ ಇದ್ದದ್ದರಿಂದ ಅವರನ್ನು ಬಡಾವಣೆಯ ಹೆಸರಿನಿಂದ ಕರೆಯುತ್ತಿದ್ದರು. ಜಯನಗರ ಎಂದು ಕರೆಸಿಕೊಂಡ ಹುಡುಗ ಮೊದಲು ಕೋಪಿಸಿಕೊಂಡ, ಆಮೇಲೆ ಹಾಸ್ಟೆಲಿನಲ್ಲೂ ಅವನಿಗೆ ಅದೇ ಹೆಸರಾಯಿತು.

ಮೇಡಂ ಆಲೂರು ತಾಲೂಕಿನ ಕುಂದೂರು ಕಡೆಯವರು. ಗಿಡ್ಡ ಆಳು. ಚಳಿಗಾಲ ಬೇಸಿಗೆ ಎನ್ನದೆ ಸೀರೆಯ ಮೇಲೊಂದು ಬೂದು ಸ್ವೆಟರು. ಎಡಗಣ್ಣು ಹುಟ್ಟಿದಾಗಿನಿಂದಲೇ ಮಂದ, ಆದ್ದರಿಂದ ಯಾರೊಡನೆ ಮಾತಾಡಿದರೂ ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ಬಲಗಣ್ಣನ್ನು ಮುಂದೆ ತರುತ್ತಿದ್ದರು. ಹೊಸಬರಿಗೆ ಅದು ಅನುಮಾನದ ನೋಟದಂತೆ ಕಾಣುತ್ತಿತ್ತು. ಪಾಠವನ್ನು ಇಂಗ್ಲಿಷಿನಲ್ಲಿ ಶುರು ಮಾಡಿ, ಹುರುಪು ಬಂದಾಗ ಕನ್ನಡಕ್ಕೆ ಇಳಿದು, ಸಿಟ್ಟು ಬಂದಾಗ ಊರಿನ ಮಾತಿಗೆ ಬಂದು ನಿಲ್ಲುತ್ತಿದ್ದರು. "ಎಲ್ಲೈತೆ ತೋರ್ಸು" ಎಂದರೆಂದರೆ ತರಗತಿ ಉಸಿರು ಬಿಗಿಹಿಡಿಯುತ್ತಿತ್ತು.

ಮುಖದ ಮೂಳೆಗಳೆಂದರೆ ಅವರಿಗೆ ಜೀವ. ಅದರಲ್ಲೂ ಒಂದು ಸಣ್ಣ ಉಬ್ಬಿನ ಮೇಲೆ ವಿಶೇಷ ಪ್ರೀತಿ. ಕಣ್ಣು ಕೂರುವ ಗುಳಿಯ ಹೊರ ಅಂಚನ್ನು ಕೆನ್ನೆಮೂಳೆ ಕಟ್ಟಿಕೊಡುತ್ತದೆ. ಆ ಅಂಚಿನಿಂದ ಸ್ವಲ್ಪ ಒಳಗೆ, ಗುಳಿಯ ಗೋಡೆಯ ಮೇಲೆ, ರಾಗಿ ಕಾಳಿಗಿಂತ ಒಂದಿಷ್ಟು ದೊಡ್ಡದಾದ ಗುಬುಟೊಂದು ಇರುತ್ತದೆ. ಪುಸ್ತಕದಲ್ಲಿ ಅದಕ್ಕೆ ಯಾವನೋ ಇಂಗ್ಲಿಷ್ ವೈದ್ಯನ ಹೆಸರಿದೆ. ಪರೀಕ್ಷೆಗೆ ಬಾಯಿಪಾಠ ಮಾಡಿದವರು ಮಾರನೆಯ ದಿನವೇ ಮರೆಯುವಂಥ ಸಂಗತಿ. ಬುರುಡೆಯನ್ನು ಕಿಟಕಿಯ ಬೆಳಕಿಗೆ ಹೇಗೆ ತಿರುಗಿಸಿ ಹಿಡಿದರೂ ಅದು ನೆರಳಿನಲ್ಲಿ ಸೇರಿಹೋಗಿ ಕಾಣುವುದಿಲ್ಲ. ಬೆರಳಿಟ್ಟು ಸವರಿದರೆ ಸಿಗುತ್ತದೆ. ಮೇಲಿನ ರೆಪ್ಪೆ, ಕೆಳಗಿನ ರೆಪ್ಪೆ ಎರಡೂ ಕಣ್ಣಿನ ಹೊರಮೂಲೆಯಲ್ಲಿ ಕೂಡಿ, ಗಟ್ಟಿಯಾದ ನಾರಿನ ಪಟ್ಟಿಯಾಗಿ, ಬಂದು ಅಂಟಿಕೊಳ್ಳುವುದು ಈ ಗುಬುಟಿಗೆ.

ಮೇಡಂ ಇದನ್ನು ಗೂಟ ಎನ್ನುತ್ತಿದ್ದರು. ಬಡಾವಣೆಯ ಹೆಸರಿನವರು ಮುಖಮುಖ ನೋಡಿಕೊಂಡಾಗ, "ಪಾಳ್ಯ, ಗೂಟ ಅಂದ್ರೇನು ಹೇಳು ಇವರಿಗೆ" ಎಂದರು. ನಾನು ಎದ್ದು ನಿಂತು, ಹಸು ಕಟ್ಟುವುದು, ನೆಲಕ್ಕೆ ಹೊಡೆದಿರುವುದು ಎಂದು ತೊದಲಿದೆ. ವೈದ್ಯಕೀಯ ಕಾಲೇಜಿನಲ್ಲಿ ನಾನು ಸರಿಯಾಗಿ ಕೊಟ್ಟ ಮೊದಲ ಉತ್ತರ ಅದು.

ಗೂಟ ಅಂಚಿನ ಮೇಲಿಲ್ಲದೆ ಒಳಗೆ ಯಾಕಿದೆ ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಬ್ಯಾಗಿನಿಂದ ಒಂದು ಕಿತ್ತಳೆ ತೆಗೆದು ಕಾಫಿ ಲೋಟದ ಬಾಯಿಗೆ ಕೂರಿಸಿ, ಹಣ್ಣು ನಮ್ಮ ಕಡೆ ಬರುವಂತೆ ಲೋಟವನ್ನು ಅಡ್ಡ ಮಲಗಿಸಿದರು. ಬಟ್ಟೆಯ ಪಟ್ಟಿಯೊಂದನ್ನು ಅದರ ಮೇಲೆ ಹಾಯಿಸಿ, ಎರಡೂ ತುದಿಯನ್ನು ಮುಂದಕ್ಕೆ ಎಳೆದು ಹಿಡಿದರು. ಬಟ್ಟೆ ಹಣ್ಣಿನಿಂದ ಬಿಟ್ಟುಕೊಂಡು ನಿಂತಿತು. ತುದಿಗಳನ್ನು ಹಿಂದಕ್ಕೆ ಎಳೆದಾಗ ಹಣ್ಣಿಗೆ ಅಪ್ಪಿಕೊಂಡಿತು. "ಕಣ್ಣುಗುಡ್ಡೆ ಉಂಡಗೈತೆ. ರೆಪ್ಪೆ ಅದನ್ನ ತಬ್ಬಬೇಕು. ತಬ್ಬಬೇಕು ಅಂದ್ರೆ ಹಿಂದಕ್ಕೆ ಕಟ್ಟಬೇಕು. ಅಂಚಿಗೆ ಕಟ್ಟಿದ್ರೆ ರೆಪ್ಪೆ ಇರುತ್ತೆ, ಮುಚ್ಚಲ್ಲ." ಪಾಠ ಮುಗಿದ ಮೇಲೆ ಕಿತ್ತಳೆ ಸುಲಿದು ಮುಂದಿನ ಬೆಂಚಿನವರಿಗೆ ಹಂಚಿದರು. ತಲೆಬುರುಡೆಗಳ ನಡುವೆ ಕೂತು ಹಣ್ಣು ತಿನ್ನಲು ನಮ್ಮಲ್ಲಿ ಕೆಲವರಿಗೆ ಆಗಲಿಲ್ಲ. ಅವರ ಪಾಲನ್ನೂ ಮೇಡಂ ತಿಂದರು.

ಆ ವರ್ಷದ ಕೊನೆಯಲ್ಲಿ ಮೌಖಿಕ ಪರೀಕ್ಷೆ. ಮೇಡಂ ನನ್ನ ಕೈಗೊಂದು ಬುರುಡೆ ಕೊಟ್ಟು, "ಎಡಗಡೆ ಗೂಟ ಹುಡುಕು" ಎಂದರು. ನಾನು ಬೆರಳಿಟ್ಟು ಸವರಿದೆ. ಏನೂ ಸಿಗಲಿಲ್ಲ. ಬಲಗಡೆ ಸವರಿದೆ, ಅಲ್ಲಿ ಚೆನ್ನಾಗಿತ್ತು. ಮತ್ತೆ ಎಡಕ್ಕೆ ಬಂದೆ. ಗೋಡೆ ನಯವಾಗಿತ್ತು. ನನಗಿಂತ ಮುಂಚೆ ಹೋದವರೆಲ್ಲ ಅದೇ ಬುರುಡೆ ಹಿಡಿದು "ಸಿಕ್ಕಿತು ಮೇಡಂ" ಎಂದು ಹೇಳಿ ಹೊರಗೆ ಬಂದದ್ದನ್ನು ಬಾಗಿಲಲ್ಲಿ ನಿಂತು ಕೇಳಿದ್ದೆ.

"ಸಿಗ್ತಿಲ್ಲ ಮೇಡಂ" ಎಂದೆ.

"ಸರಿಯಾಗಿ ನೋಡು."

"ನೋಡಿದೆ. ಇಲ್ಲ."

ಅವರು ಬುರುಡೆಯನ್ನು ವಾಪಸ್ ತೆಗೆದುಕೊಂಡರು. "ಇಲ್ಲ ಕಣೆ. ಕೆಲವರಿಗೆ ಇರಲ್ಲ. ಹೋಗು" ಎಂದರು. ಅಷ್ಟು ಹೊತ್ತಿಗೆ ನಾನು ಅಳುವ ಹಾಗಾಗಿದ್ದೆ. ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ದನಿ ಬಂತು: "ಗೂಟ ಇಲ್ದೇ ಇದ್ರೂ ಜಾಗ ಇದ್ದೇ ಇರುತ್ತೆ. ಅದನ್ನ ನೆನಪಿಟ್ಕೋ."

ನಾನು ಆಮೇಲೆ ಕಣ್ಣಿನ ವೈದ್ಯಳಾದೆ. ಮೇಡಂ ಪಾಠದಿಂದ ಹಾಗಾಯಿತು ಎಂದು ಹೇಳಿದರೆ ಚೆನ್ನಾಗಿರುತ್ತದೆ, ಆದರೆ ನನಗೆ ಸಿಕ್ಕ ಸೀಟು ಅದು. ಮದುವೆಯಾಗಿ ಸಕಲೇಶಪುರಕ್ಕೆ ಬಂದು, ಒಂದು ಚಿಕ್ಕ ಕಣ್ಣಿನ ಆಸ್ಪತ್ರೆ ತೆರೆದೆ. ಪೊರೆ, ಸಕ್ಕರೆ ಕಾಯಿಲೆಯ ಕಣ್ಣು, ಕಾಫಿ ಗಿಡದ ರೆಂಬೆ ಸವರುವಾಗ ಕಡ್ಡಿ ಚುಚ್ಚಿಸಿಕೊಂಡವರು, ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರು. ಮೇಡಂ ನಿವೃತ್ತರಾಗಿ ಕುಂದೂರಿನ ಆಚೆಗಿನ ತಮ್ಮ ಹಳ್ಳಿಗೆ ಹೋದರು ಎಂದು ಗೊತ್ತಿತ್ತು. ಅಲ್ಲಿ ತೀರಿಕೊಂಡ ತಮ್ಮನ ಹೆಂಡತಿ ಗಿರಿಜಮ್ಮ ಒಬ್ಬರೇ ಇದ್ದರು. ಒಂದಿಷ್ಟು ಕಾಫಿ, ಒಂದಿಷ್ಟು ಗದ್ದೆ, ಎರಡು ಹಸು. ಇಬ್ಬರು ಹೆಂಗಸರು ಸೇರಿ ಅದನ್ನು ನೋಡಿಕೊಳ್ಳುತ್ತಿದ್ದರು. ದೀಪಾವಳಿಗೆ ನಾನು ಫೋನ್ ಮಾಡಿದರೆ ಮೇಡಂ ಎರಡು ಮಾತಾಡಿ, "ಗಿರಿಜಾ ಕರೀತಿದಾಳೆ, ಇಡ್ಲಾ?" ಎಂದು ಇಟ್ಟುಬಿಡುತ್ತಿದ್ದರು.

ಕೆಲವು ವರ್ಷದ ಹಿಂದೆ, ಕಾಫಿ ಕುಯ್ಲಿನ ಸಮಯದಲ್ಲಿ, ಒಂದು ಮಧ್ಯಾಹ್ನ ಅವರು ನನ್ನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ಬಲಗಣ್ಣಿಗೆ ಮಡಚಿದ ಕರವಸ್ತ್ರ ಒತ್ತಿಕೊಂಡಿದ್ದರು. ಪಕ್ಕದಲ್ಲಿ ಗಿರಿಜಮ್ಮ. ಬೆಳಿಗ್ಗೆಯೇ ಹೊರಟಿದ್ದರಂತೆ, ದಾರಿಯಲ್ಲಿ ಆನೆ ನಿಂತಿದ್ದರಿಂದ ಬಸ್ಸು ತಡವಾಯಿತಂತೆ.

"ಏನಾಯ್ತು ಮೇಡಂ?"

ಉತ್ತರ ಕೊಟ್ಟದ್ದು ಗಿರಿಜಮ್ಮ. "ಹಸ ಹಾಯ್ದುಬುಡ್ತು ಕಣಮ್ಮ. ಹಾಯಾಕೆ ಹಾಯ್ಲಿಲ್ಲ, ನೊಣ ಓಡ್ಸಕ್ಕೆ ತಲೆ ಒದರ್ತು. ಅಕ್ಕಾರು ಅಲ್ಲೇ ಬಗ್ಗಿದ್ರು. ಕೊಂಬು ಕಣ್ಣಿನ ತುದಿಗೆ ಸಿಕ್ಕಾಕ್ಕೊಂಡು ಸೀಳ್ಬುಡ್ತು. ಇದಾಗಿ ತಿಂಗ್ಳು ಮೇಲಾಯ್ತು. ಹೊಲಿಗೆ ಹಾಕ್ಸಿದ್ವಿ. ವಾಸಿನೂ ಆಯ್ತು. ಆದ್ರೆ ನೀರು ನಿಲ್ತಾ ಇಲ್ಲ. ಮಲಗಿದ್ರೂ ಕಣ್ಣು ತೆಗ್ದೇ ಇರ್ತೈತೆ. ನಂಗೆ ನೋಡಕ್ಕೆ ಆಗಲ್ಲ."

ಮೇಡಂ ಕರವಸ್ತ್ರ ತೆಗೆದರು. ಬಲಗಣ್ಣಿನ ಹೊರಮೂಲೆ ಕೆಳಕ್ಕೆ ಜಾರಿ ಮುಂದಕ್ಕೆ ಬಂದಿತ್ತು. ಕೆಳರೆಪ್ಪೆ ಕಣ್ಣುಗುಡ್ಡೆಯಿಂದ ಬಿಟ್ಟುಕೊಂಡು ಸಡಿಲ ಜೇಬಿನಂತೆ ನಿಂತಿತ್ತು. ಗಾಯ ಹೊಲಿದಿದ್ದ ಕಿರಿಯ ವೈದ್ಯ ರಕ್ತ ನಿಲ್ಲಿಸಿ ಚರ್ಮವನ್ನು ನೀಟಾಗಿ ಕೂಡಿಸಿದ್ದ. ಆ ಹೊತ್ತಿಗೆ ಅದೇ ಮುಖ್ಯ ಕೆಲಸ. ನಾನೇನೋ ಗೊಣಗಿದ್ದಕ್ಕೆ ಮೇಡಂ, "ಅವನ ಹೊಲಿಗೆ ಚೆನ್ನಾಗೇ ಐತೆ. ಅವನು ಗಾಯ ನೋಡ್ದ. ಕಣ್ಣು ನೋಡೋದು ನಿನ್ನ ಕೆಲಸ" ಎಂದರು. ಆಮೇಲೆ ತಾವೇ ಹೇಳಿದರು, "ಗೂಟ ಕಿತ್ತಿಲ್ಲ. ಹಗ್ಗ ಕಿತ್ತೈತೆ."

ಯಂತ್ರದಲ್ಲಿ ನೋಡಿದೆ. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರದ ಕೆಳಭಾಗ ಒಣಗಿ ಒರಟಾಗಿತ್ತು. ಒಂದು ಕಡೆ ಸಣ್ಣ ಹುಣ್ಣು ಶುರುವಾಗುವ ಹಾಗಿತ್ತು. ಹೀಗೇ ಬಿಟ್ಟರೆ ಅದು ಬಲಿತು ಬಿಳಿಯಾಗುತ್ತದೆ. ಎಡಗಣ್ಣು ಮೊದಲೇ ಇಲ್ಲದಂತೆ. ಇದೊಂದು ಹೋದರೆ ಮೇಡಂಗೆ ಕತ್ತಲೆ.

ಬೆಂಗಳೂರಿಗೆ ಬರೆದುಕೊಡುತ್ತೇನೆ ಎಂದೆ. ರೆಪ್ಪೆಯ ಶಸ್ತ್ರಚಿಕಿತ್ಸೆಯನ್ನೇ ಮಾಡುವ ತಜ್ಞರಿದ್ದಾರೆ, ನನ್ನ ಪರಿಚಯದವರೇ ಇದ್ದಾರೆ, ನಾಳೆಯೇ ಹೋಗಬಹುದು ಎಂದೆ. ಅವರು ಕೇಳಿಸಿಕೊಂಡರು.

"ನೀನು ಮಾಡಿಲ್ವಾ ಇದನ್ನ?"

"ಮಾಡಿದೀನಿ. ಹೆಚ್ಚಿಲ್ಲ. ಒಂದೇ ಕಣ್ಣಿರೋರಿಗೆ ಮಾಡಿಲ್ಲ."

"ಅಲ್ಲಿಯೋರು ನಿದ್ದೆ ಬರ್ಸಿ ಮಾಡ್ತಾರೆ. ನಂಗೆ ದಮ್ಮು ಐತೆ, ನಿದ್ದೆ ಮದ್ದು ಒಗ್ಗಲ್ಲ. ಅದು ಒಂದು. ಇನ್ನೊಂದು, ನಾನು ಎಚ್ಚರ ಇರ್ಬೇಕು. ಇಷ್ಟು ವರ್ಷ ಬೇರೆಯೋರ ಮುಖದಲ್ಲಿ ಹುಡುಕಿದೀನಿ. ನನ್ನ ಮುಖದಲ್ಲಿ ಹುಡುಕೋವಾಗ ನಾನು ಇಲ್ದೇ ಇರೋದು ಹೆಂಗೆ?"

"ನಿಮಗೆ ಮಾಡೋಕೆ ನನಗೆ ಕೈ ಬರಲ್ಲ ಮೇಡಂ. ಬೇರೆಯವರಿಗಾದರೆ ಮಾಡ್ತೀನಿ."

ಅವರು ಮುಖ ತಿರುಗಿಸಿ ಒದ್ದೆಯ ಬಲಗಣ್ಣಿನಿಂದ ನನ್ನನ್ನು ನೋಡಿದರು. "ನಿನ್ನ ಕೈ ನಂಗೆ ಗೊತ್ತು ಪಾಳ್ಯ. ಇಲ್ಲದ್ದನ್ನ ಸಿಕ್ತು ಅನ್ನೋ ಕೈ ಅಲ್ಲ ಅದು. ಅಷ್ಟು ಸಾಕು."

ನಾನು ಎರಡು ದಿನ ಒದ್ದಾಡಿದೆ. ಬೆಂಗಳೂರಿನ ಪರಿಚಯದ ತಜ್ಞರಿಗೆ ಫೋಟೋ ಕಳಿಸಿ, ಫೋನಿನಲ್ಲಿ ಬಹಳ ಹೊತ್ತು ಮಾತಾಡಿದೆ. ಅವರು ಧೈರ್ಯ ಹೇಳಿ, ಒಂದೇ ಎಚ್ಚರಿಕೆ ಕೊಟ್ಟರು: ಒಳಗೆ ಕಟ್ಟಬೇಕು, ಅಂಚಿಗಲ್ಲ. ಅದನ್ನು ನನಗೆ ಹೇಳಿಕೊಟ್ಟವರಿಗೇ ನಾನು ಅದನ್ನು ಮಾಡಬೇಕಾಗಿತ್ತು.

ಶಸ್ತ್ರಚಿಕಿತ್ಸೆಯ ದಿನ ಮೇಡಂ ಸ್ವೆಟರು ಬಿಚ್ಚಿ ಗಿರಿಜಮ್ಮನ ಕೈಗೆ ಕೊಟ್ಟು ಮೇಜಿನ ಮೇಲೆ ಮಲಗಿದರು. ಸ್ವೆಟರಿಲ್ಲದೆ ನಾನು ಅವರನ್ನು ನೋಡಿದ್ದು ಅದೇ ಮೊದಲು. ಬಹಳ ತೆಳ್ಳಗಿದ್ದರು. ಜಾಗ ಮರಗಟ್ಟಿಸುವ ಸೂಜಿ ಕೊಟ್ಟೆ. ಮುಖಕ್ಕೆ ಹಸಿರು ಬಟ್ಟೆ ಹೊದಿಸಿ, ಒಂದು ಕಣ್ಣು ಮಾತ್ರ ಕಾಣುವಂತೆ ಬಿಟ್ಟೆ. ಹಳೆಯ ಗಾಯದ ಮೇಲೆ ಕೊಯ್ದು, ಗಂಟುಗಟ್ಟಿದ್ದ ಮಾಂಸವನ್ನು ಬಿಡಿಸುತ್ತ ಹೋದೆ. ಕಿತ್ತುಹೋಗಿದ್ದ ನಾರಿನ ತುದಿ ಸಿಕ್ಕಿತು. ಅದಕ್ಕೆ ದಾರ ಹಾಕಿದೆ. ಇನ್ನು ಮೂಳೆಗೆ ಕಟ್ಟುವುದು.

ಅಲ್ಲಿ ನನಗೆ ಹೆದರಿಕೆಯಾಯಿತು. ಅಂಚಿನಿಂದ ಒಳಗೆ ಹೋಗುವುದೆಂದರೆ ಅವರಿಗಿದ್ದ ಒಂದೇ ಕಣ್ಣಿನ ಪಕ್ಕದಲ್ಲಿ ಸೂಜಿ ಇಳಿಸುವುದು. ನಾನು ಸ್ವಲ್ಪ ಒಳಗೆ ಹೋದೆ, ಸಾಕು ಅನ್ನಿಸಿತು, ಸಾಕು ಎಂದುಕೊಂಡೆ, ಅಂಚಿನ ಹತ್ತಿರ ಮೂಳೆಗೆ ಹೊದ್ದಿರುವ ಗಟ್ಟಿ ಪೊರೆಗೆ ದಾರ ಹಾಯಿಸಿ ಎಳೆದು ಗಂಟು ಹಾಕಿದೆ. ಮೂಲೆ ಮೇಲಕ್ಕೆ ಬಂತು. ನೋಡಲು ಪರವಾಗಿಲ್ಲ ಅನ್ನಿಸಿತು.

"ಆಯ್ತು ಮೇಡಂ."

"ಕೂರ್ಸು. ಕನ್ನಡಿ ಕೊಡು."

ಹೀಗೆ ಎಬ್ಬಿಸಿ ಕೂರಿಸಿ ನೋಡುವುದು ಈ ಶಸ್ತ್ರಚಿಕಿತ್ಸೆಯಲ್ಲಿ ವಾಡಿಕೆಯೇ. ಬಟ್ಟೆ ಸರಿಸಿ, ಸಿಸ್ಟರ್ ಬೆನ್ನಿಗೆ ಕೈ ಕೊಟ್ಟು ಕೂರಿಸಿದರು. ಮೇಡಂ ಕನ್ನಡಿಯನ್ನು ಮುಖಕ್ಕೆ ಹತ್ತಿರ ಹಿಡಿದು, ತಲೆ ವಾಲಿಸಿ, ಬೇರೆ ಯಾರದೋ ಕಣ್ಣನ್ನು ಪರೀಕ್ಷಿಸುವವರಂತೆ ನೋಡಿದರು. ಮೇಲೆ ನೋಡಿದರು, ಪಕ್ಕಕ್ಕೆ ನೋಡಿದರು.

"ಮೂಲೆ ಬಂದೈತೆ. ರೆಪ್ಪೆ ಗುಡ್ಡೆಗೆ ತಾಗಿಲ್ಲ. ಸಂದಿ ಕಾಣ್ತೈತೆ ನೋಡು."

ಸಂದಿ ಇತ್ತು. ತೆಳುವಾದ, ಹೊಳೆಯುವ ಒಂದು ಗೆರೆಯಷ್ಟು. ನನಗೂ ಕಾಣುತ್ತಿತ್ತು, ನೋಡದೆ ಇದ್ದೆ, ಅಷ್ಟೇ.

"ಊತ ಇಳಿದ ಮೇಲೆ ಕೂರಬಹುದು ಮೇಡಂ" ಎಂದೆ.

"ಕೂರುತ್ತಾ?"

ನಾನು ಬಗ್ಗಿ ಸಂದಿಯನ್ನು ಮತ್ತೊಮ್ಮೆ ನೋಡಿದೆ.

"ನೀನು ನನ್ನ ಮೇಲೆ ಗೌರವ ಇಟ್ಕೊಂಡು ಹೊಲೀತಿದೀಯ" ಎಂದರು ಮೇಡಂ. ಸಿಟ್ಟಿರಲಿಲ್ಲ. "ಗೌರವ ಆಚೆಗೆ ಇಡು. ಗಂಟು ಬಿಚ್ಚು. ಒಳಗೆ ಹೋಗು. ಕಣ್ಣಲ್ಲಿ ಹುಡುಕ್ಬೇಡ, ಬೆರಳಲ್ಲಿ ಹುಡುಕು."

ಮತ್ತೆ ಮಲಗಿದರು. ನಾನು ಗಂಟು ಕತ್ತರಿಸಿದೆ. ಸಿಸ್ಟರ್‌ಗೆ ಕಣ್ಣುಗುಡ್ಡೆಯನ್ನು ಚಪ್ಪಟೆ ಸಲಕರಣೆಯಿಂದ ಮೆಲ್ಲಗೆ ಒತ್ತಿ ಕಾಪಾಡುವಂತೆ ಹೇಳಿ, ಕಿರುಬೆರಳಿನ ತುದಿಯನ್ನು ಅಂಚಿನ ಮೇಲಿಂದ ಒಳಕ್ಕೆ ಜಾರಿಸಿದೆ. ನಯವಾದ ಗೋಡೆ. ಇನ್ನೂ ಸ್ವಲ್ಪ. ಬಟ್ಟೆಯ ಕೆಳಗಿನಿಂದ ಮೇಡಂ ಉಸಿರಾಡುವುದು ಕೇಳಿಸುತ್ತಿತ್ತು. ಅವರು ದಾರಿ ಹೇಳಲಿಲ್ಲ. ಆಮೇಲೆ ಬೆರಳಿಗೆ ಅದು ತಾಗಿತು. ದಿಬ್ಬ ಎನ್ನುವಷ್ಟಿಲ್ಲ. ನೆನೆಸಿದ ಅವರೆಕಾಳಿನ ಸಿಪ್ಪೆಯ ಕೆಳಗಿನ ಮೊಳಕೆಯಷ್ಟು.

"ಸಿಕ್ತು ಮೇಡಂ."

"ಚಿಕ್ಕದೋ ದೊಡ್ಡದೋ?"

"ಚಿಕ್ಕದು."

"ನಂದು ಎಲ್ಲಾ ಚಿಕ್ಕದೇ" ಎಂದರು. ಸಿಸ್ಟರ್ ನಕ್ಕರು. ದಾರವನ್ನು ಅಲ್ಲಿಗೆ ಹಾಯಿಸಿ ಕಟ್ಟಿದೆ. ಈ ಸಲ ಕೆಳರೆಪ್ಪೆ ಹಿಂದಕ್ಕೆ ಸರಿದು ಕಣ್ಣಿಗೆ ಅಂಟಿ ಕೂತಿತು. ಮತ್ತೆ ಕನ್ನಡಿ ಕೇಳುತ್ತಾರೆ ಎಂದು ಕಾದೆ. ಕೇಳಲಿಲ್ಲ.

ಆ ದಿನ ಅವರನ್ನು ಊರಿಗೆ ಕಳಿಸದೆ ಆಸ್ಪತ್ರೆಯಲ್ಲೇ ಇರಿಸಿಕೊಂಡೆ. ಸಂಜೆ ಗಿರಿಜಮ್ಮ ಬಿಸಿನೀರು ತರಲು ಹೋಗಿದ್ದಾಗ ನಾನು ಹಾಸಿಗೆಯ ಪಕ್ಕ ಕೂತಿದ್ದೆ. ಕಣ್ಣಿಗೆ ಪಟ್ಟಿ ಕಟ್ಟಿತ್ತು. ನಿದ್ದೆ ಹತ್ತಿದೆ ಎಂದುಕೊಂಡಿದ್ದೆ.

"ಪಾಳ್ಯ" ಎಂದು ಕರೆದರು. "ಹೆಂಗಿತ್ತು ಅದು?"

"ಯಾವುದು ಮೇಡಂ?"

"ಗೂಟ. ಮುಟ್ಟಿದಾಗ ಹೆಂಗಿತ್ತು? ಬೆಚ್ಚಗಿತ್ತಾ?"

ಕೈಗೆ ಗ್ಲೌಸ್ ಇತ್ತು ಎಂದೆ. ಆದರೂ ಹೇಳು ಎಂದರು. ನಾನು ಯೋಚಿಸಿದೆ. ಬೆಚ್ಚಗಿತ್ತು ಎಂದೆ. ಒದ್ದೆಯಾಗಿತ್ತು. ಒಣಮೂಳೆಯ ಹಾಗೆ ಬೆರಳಿಗೆ ಟಕ್ಕೆಂದು ತಾಗಲಿಲ್ಲ, ಏನನ್ನೋ ಹೊದ್ದುಕೊಂಡ ಹಾಗಿತ್ತು, ಒತ್ತಿದರೆ ಮಾತ್ರ ಒಳಗೆ ಗಟ್ಟಿ.

ಮೇಡಂ ತಮ್ಮ ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿಕೊಂಡರು. ಅವರು ಬೆರಳಾಡಿಸಿದ್ದು ಕಪಾಟಿನಲ್ಲಿಟ್ಟ ಒಣಗಿದ ಬುರುಡೆಗಳಲ್ಲಿ, ಮದ್ದಿನಲ್ಲಿ ನೆನೆದು ತಣ್ಣಗಾದ ದೇಹಗಳಲ್ಲಿ. ವೈದ್ಯರಾಗಿದ್ದೂ ಜೀವ ಇರುವ ಮುಖದ ಒಳಗೆ ಅವರು ಬೆರಳಿಟ್ಟಿರಲಿಲ್ಲ. ಅದು ನನಗೆ ಹೊಳೆದದ್ದು ಆ ಸಂಜೆ.

"ಅದನ್ನ ನಾನು ನಿಮಗೆ ಯಾರಿಗೂ ಹೇಳ್ಲಿಲ್ಲ ನೋಡು. ಗೊತ್ತಿದ್ರೆ ತಾನೇ" ಎಂದರು. ಬೇಸರದಿಂದ ಹೇಳಿದರೋ ಖುಷಿಯಿಂದಲೋ ತಿಳಿಯಲಿಲ್ಲ. ಮುಖದ ಅರ್ಧ ಪಟ್ಟಿಯ ಕೆಳಗಿತ್ತು.

ಕಣ್ಣು ಉಳಿಯಿತು. ಹುಣ್ಣು ಮಾಯಿತು, ಒಂದು ಸಣ್ಣ ಮಸುಕು ಬಿಟ್ಟು. ಮೂಲೆಯನ್ನು ಬೇಕೆಂದೇ ಒಂದು ಕೂದಲೆಳೆ ಮೇಲಕ್ಕೆ ಕಟ್ಟಿದ್ದೆ, ಬರಬರುತ್ತ ಇಳಿದು ಸರಿಹೋಗುತ್ತದೆ ಎಂದು. ಅದು ಇಳಿಯಲಿಲ್ಲ. "ಒಂದು ಕಣ್ಣು ನಗ್ತಾ ಇರ್ತೈತೆ, ಇನ್ನೊಂದು ಮೇಷ್ಟ್ರ ಥರ ನೋಡ್ತಾ ಇರ್ತೈತೆ. ಯಾವುದಕ್ಕೆ ಮಾತಾಡ್ಬೇಕು ಅಂತ ನಂಗೆ ಗೊತ್ತಾಗಲ್ಲ" ಎಂದು ಗಿರಿಜಮ್ಮ ತಪಾಸಣೆಗೆ ಬಂದಾಗಲೆಲ್ಲ ದೂರುತ್ತಿದ್ದರು. ಹಾಯ್ದ ಹಸುವನ್ನು ಮಾರಿಬಿಡೋಣ ಎಂದು ಗಿರಿಜಮ್ಮ ಹಟ ಹಿಡಿದಿದ್ದರಂತೆ. ಮೇಡಂ ಒಪ್ಪಲಿಲ್ಲವಂತೆ. ನೊಣ ಕೂತರೆ ಯಾರಾದರೂ ತಲೆ ಒದರುತ್ತಾರೆ ಎಂದರಂತೆ.

ಆದರೆ ಒಂದು ಬದಲಾವಣೆಯನ್ನು ನಾನು ಕಂಡೆ. ಮೊದಲು ಮೇಡಂ ಯಾರನ್ನೂ ಮುಟ್ಟಿ ಮಾತಾಡಿಸುವವರಲ್ಲ. ಮೂಳೆಯನ್ನಷ್ಟೇ ಎರಡು ಕೈಯಲ್ಲಿ ಹಿಡಿಯುತ್ತಿದ್ದವರು, ಮನುಷ್ಯರ ವಿಷಯದಲ್ಲಿ ಕೈ ಕಟ್ಟಿಕೊಂಡೇ ಇರುತ್ತಿದ್ದರು. ಒಮ್ಮೆ ಪಾಳ್ಯಕ್ಕೆ ಹೋಗಿ ಬರುವಾಗ ನನ್ನ ತಾಯಿಯನ್ನೂ ಕರೆದುಕೊಂಡು ಅವರ ಮನೆಗೆ ಹೋಗಿದ್ದೆ. ನನ್ನ ತಾಯಿ ಕಾಲಿಗೆರಗಲು ಹೋದರೆ, ಮೇಡಂ ತಡೆದು, ಅವರ ಕೆನ್ನೆಗಳನ್ನು ಎರಡೂ ಅಂಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಕಣ್ಣಿನ ತುದಿಗಳನ್ನು ಸವರಿದರು. "ಮಗಳದ್ದೂ ಇದೇ ಮುಖ" ಎಂದರು. ನನ್ನ ತಾಯಿ ನಾಚಿ ನಕ್ಕುಬಿಟ್ಟರು. ಗಿರಿಜಮ್ಮ ಒಳಗಿನಿಂದ, "ಈಗ ಊರಲ್ಲಿ ಎಲ್ರುಗೂ ಹಂಗೇ ಮಾಡ್ತಾರೆ ಕಣ್ರೀ, ಹೆದರ್ಬೇಡಿ" ಎಂದರು.

ಹೋದ ಮಾಗಿಯಲ್ಲಿ ಮೇಡಂ ತೀರಿಕೊಂಡರು. ದಮ್ಮು ಜೋರಾಗಿ, ಬೆಳಗಿನ ಜಾವ, ಗಿರಿಜಮ್ಮನ ಕೈಯಲ್ಲಿ ಬಿಸಿನೀರು ಕುಡಿದು ಮಲಗಿದವರು ಏಳಲಿಲ್ಲ. ಫೋನ್ ಬಂದಾಗ ಆಸ್ಪತ್ರೆ ಮುಚ್ಚಿ ಹೊರಟೆ. ನಾನು ತಲುಪುವ ಹೊತ್ತಿಗೆ ಅವರನ್ನು ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ, ತೋಳಿಗೆ ವಿಭೂತಿ ಬಳಿದಿದ್ದರು. ಕೊರಳಲ್ಲಿ ಚೆಂಡುಹೂವಿನ ಹಾರ. ನಮ್ಮಲ್ಲಿ ಕೂರಿಸಿಯೇ ಮಣ್ಣು ಮಾಡುವುದು. ತೋಟದ ಕೆಳಗೆ, ತಮ್ಮನ ಪಕ್ಕ, ಗುಂಡಿ ತೆಗೆಯುತ್ತಿದ್ದರು.

ಕಾಲೇಜಿನಿಂದ ಮೇಡಂ ಜೊತೆ ಕೆಲಸ ಮಾಡಿದ್ದ ಇಬ್ಬರು ಪ್ರಾಧ್ಯಾಪಕರು ಬಂದಿದ್ದರು. ಒಳಗೆ ಬರದೆ ಗೇಟಿನ ಹತ್ತಿರ ಕಾರಿನ ಪಕ್ಕದಲ್ಲೇ ನಿಂತಿದ್ದರು. ನನ್ನನ್ನು ಕಂಡು ಹಿರಿಯರೊಬ್ಬರು ತಗ್ಗಿದ ದನಿಯಲ್ಲಿ, "ದೇಹದಾನಕ್ಕೆ ಬರೆದುಕೊಟ್ಟಿರಬೇಕಲ್ಲ? ನಮ್ಮ ಹತ್ತಿರ ಏನೂ ಇಲ್ಲ. ಮನೆಯವರಿಗೆ ಗೊತ್ತಿಲ್ಲವೇನೋ ಅಂತ. ಮಣ್ಣಿಗೆ ಮೊದಲು ಒಂದು ಮಾತು ಕೇಳಿ" ಎಂದರು. ಅವರು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ದಾರಿಯುದ್ದಕ್ಕೂ ನಾನೂ ಅದನ್ನೇ ಅಂದುಕೊಂಡು ಬಂದಿದ್ದೆ. ಮೂಳೆಗಳ ನಡುವೆ ಬದುಕು ಸವೆಸಿದವರು ಮತ್ತೆ ಅಲ್ಲಿಗೇ ಹೋಗುತ್ತಾರೆ ಎಂದು.

ಗಿರಿಜಮ್ಮ ಹಿತ್ತಿಲಲ್ಲಿ ಬಾವಿಕಟ್ಟೆಗೆ ಒರಗಿ ನಿಂತಿದ್ದರು. ಅತ್ತು ಮುಗಿದ ಮುಖ. ನಾನು ಹೇಗೆ ಕೇಳುವುದೆಂದು ತಡವರಿಸಿ, ಕೊನೆಗೆ ಕೇಳಿದೆ.

"ಕೇಳಿದ್ರು ಕಣಮ್ಮ ಅಕ್ಕಾರು" ಎಂದರು. "ಹೋದ ಸಲ ಕಾಫಿ ಹೂ ಬಿಟ್ಟಿದ್ದಾಗ. ಜಗಲಿ ಮ್ಯಾಲೆ ಕೂತಿದ್ವಿ. 'ಗಿರಿಜಾ, ನಾನು ಸತ್ಮೇಲೆ ಕಾಲೇಜಿಗೆ ಹೋಗ್ಲಾ, ಇಲ್ಲೇ ಇರ್ಲಾ' ಅಂದ್ರು. ಆಲೂರಿಗೆ ಹೋಗ್ಬರ್ಲಾ ಅಂತ ಕೇಳ್ತಾರಲ್ಲ, ಹಂಗೆ."

"ನೀವೇನಂದ್ರಿ?"

"ಇಲ್ಲೇ ಇರಿ ಅಂದೆ. ಇನ್ನೇನು ಅನ್ಲಿ? 'ಹುಡುಗ್ರಿಗೆ ಉಪಯೋಗ ಆಗ್ತೈತೆ ಕಣೆ' ಅಂದ್ರು. 'ನಂಗೆ?' ಅಂದೆ. ಲೋಟ ತಗೊಂಡು ಒಳಗೆ ಹೋದ್ರು. ತೊಳ್ದಿಟ್ಟು ಬಂದು, 'ಆಯ್ತು, ಇಲ್ಲೇ' ಅಂದ್ರು."

ಸೆರಗಿನಿಂದ ಮೂಗು ಒರೆಸಿಕೊಂಡು ಗಿರಿಜಮ್ಮ ನನ್ನನ್ನೇ ನೋಡಿದರು. "ತಪ್ಪು ಮಾಡಿದ್ನೇನಮ್ಮ? ಓದಿದೋರು ನೀವು, ಹೇಳಿ. ಆ ಸಾಹೇಬ್ರು ಅಷ್ಟು ದೂರದಿಂದ ಬಂದವ್ರೆ. ನನ್ನ ಮಾತಿಗೆ ಕಟ್ಟುಬಿದ್ದು ಒಪ್ಕೊಂಡ್ರಾ ಅಕ್ಕಾರು?"

"ಮೇಡಂ ಯಾರ ಮಾತಿಗೂ ಸುಮ್ಮನೆ ಒಪ್ಪಿಕೊಳ್ಳೋರಲ್ಲ ಗಿರಿಜಮ್ಮ."

"ಅದು ನಂಗೂ ಗೊತ್ತು" ಎಂದರು ಅವರು. ಒಂದು ಗಳಿಗೆ ಬಾವಿಯೊಳಗೆ ನೋಡಿದರು. ಆಮೇಲೆ, ಮಣ್ಣಿಗೆ ಹೊತ್ತಾಗುತ್ತದೆ, ಅಕ್ಕನ ಸ್ವೆಟರು ಎಲ್ಲಿಟ್ಟೆನೋ, ಅದನ್ನೂ ಜೊತೆಗೆ ಹಾಕಬೇಕು ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತ ಒಳಗೆ ಹೋದರು.

ನಾನು ಗೇಟಿನ ಹತ್ತಿರ ಬಂದೆ.

"ಮೇಡಂ ಇಲ್ಲೇ ಇರ್ತಾರಂತೆ" ಎಂದೆ.

ಹಿರಿಯ ಪ್ರಾಧ್ಯಾಪಕರು ತಲೆಯಾಡಿಸಿದರು. ಆಮೇಲೆ ಇಬ್ಬರೂ ಕಾರಿಗೆ ಕೈಯಾನಿಸಿಕೊಂಡು, ಬಗ್ಗಿ, ಶೂ ಬಿಚ್ಚಿಟ್ಟು ಅಂಗಳದೊಳಕ್ಕೆ ಬಂದರು.